ಶಿವರಾತ್ರಿಯಿಂದ ಯುಗಾದಿವರೆಗೆ ಯಾವ ಬೆಟ್ಟ? ಮೊದಲು ಇಳಿಯುವ ಗಂಟೆ ನೋಡಿ

ಪ್ರಶ್ನೆ: ನಾವು ಬೆಂಗಳೂರಿನ ವಿಜಯನಗರದಲ್ಲಿದ್ದೇವೆ. ನಾನು, ನಮ್ಮ ಯಜಮಾನರು, 11 ವರ್ಷದ ಮಗಳು, 66 ವರ್ಷದ ಮಾವನವರು. ಕಳೆದ ವರ್ಷ ಮಾರ್ಚ್‌ನಲ್ಲಿ ಸಾವನದುರ್ಗಕ್ಕೆ ಹೋಗಿದ್ದೆವು. ಹತ್ತು ಗಂಟೆಗೆ ಹತ್ತಲು ಶುರು ಮಾಡಿದೆವು. ಅರ್ಧದಲ್ಲೇ ಮಗಳಿಗೆ ತಲೆ ಸುತ್ತಿ ವಾಪಸ್ ಬಂದೆವು. ಈ ಸಲ ಶಿವರಾತ್ರಿ ಆದ ಮೇಲೆ, ಯುಗಾದಿ ಒಳಗೆ, ಭಾನುವಾರಗಳಲ್ಲಿ ಹೋಗೋಣ ಅಂತಿದ್ದೇವೆ. ಬೆಳಿಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ಮನೆಗೆ ಬರುವಂಥ ಬೆಟ್ಟಗಳನ್ನು ಹೇಗೆ ಆರಿಸಬೇಕು? ಕಾರಿದೆ. ಮಾವನವರು ದಿನಾ ಪಾರ್ಕಿನಲ್ಲಿ ನಡೆಯುತ್ತಾರೆ. ಆದರೆ ತುದಿ ಮುಟ್ಟದೆ ವಾಪಸ್ ಬರುವ ಜನ ಅಲ್ಲ ಅವರು!

ಉತ್ತರ: ನಿಮ್ಮ ಮಗಳನ್ನು ಸುಸ್ತು ಮಾಡಿದ್ದು ಸಾವನದುರ್ಗದ ಎತ್ತರ ಅಂತ ನನಗೆ ಅನ್ನಿಸುವುದಿಲ್ಲ. ಆ ಹತ್ತು ಗಂಟೆ. ಅದೇ ಮಗು ಅದೇ ಬೆಟ್ಟವನ್ನು ಬೆಳಿಗ್ಗೆ ಏಳಕ್ಕೆ ಹತ್ತಿದ್ದರೆ ನಿಮಗಿಂತ ಮುಂದೆ ಓಡುತ್ತಿದ್ದಳೋ ಏನೋ.

ಸುಮಾರು ಇಪ್ಪತ್ತೈದು ವರ್ಷದಿಂದ ಈ ಬೆಟ್ಟಗಳಲ್ಲಿ ಜನರನ್ನು ಕರೆದುಕೊಂಡು ಓಡಾಡುತ್ತಿದ್ದೇನೆ. ಎಲ್ಲರೂ ಕೇಳುವ ಮೊದಲ ಪ್ರಶ್ನೆ 'ಎಷ್ಟು ಎತ್ತರ?' ಎರಡನೆಯದು 'ಎಷ್ಟು ದೂರ?' ನವೆಂಬರ್‌ನಲ್ಲಾದರೆ ಇವೆರಡೂ ಸರಿಯಾದ ಪ್ರಶ್ನೆಗಳೇ. ಶಿವರಾತ್ರಿ ಆದ ಮೇಲೆ ಮಾತ್ರ ಕೇಳಬೇಕಾದ್ದು ಬೇರೆ: 'ಎಷ್ಟು ಹೊತ್ತಿಗೆ ಕೆಳಗಿರುತ್ತೇವೆ? ಇಳಿಯುವಾಗ ತಲೆ ಮೇಲೆ ಏನಿರುತ್ತದೆ?' ಈ ಎರಡಕ್ಕೆ ಉತ್ತರ ಸಿಕ್ಕರೆ ಬೆಟ್ಟ ತಾನಾಗಿಯೇ ಸಿಗುತ್ತದೆ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅನ್ನುತ್ತಾರಲ್ಲ, ಅದು ಸುಮ್ನೆ ಹೇಳಿದ ಮಾತಲ್ಲ. ಬೆಂಗಳೂರಿನಲ್ಲಿ ಫೆಬ್ರವರಿಯ ಮಧ್ಯಾಹ್ನ 30 ಡಿಗ್ರಿಯ ಆಸುಪಾಸು ಇದ್ದದ್ದು ಮಾರ್ಚ್‌ಗೆ 33ರ ಹತ್ತಿರ ಬರುತ್ತದೆ. ಮೂರು ಡಿಗ್ರಿ ತಾನೇ ಅನ್ನಬೇಡಿ. ಅದು ನೆರಳಿನಲ್ಲಿ ಅಳೆದ ಲೆಕ್ಕ. ಬಂಡೆ ಮೇಲೆ ನಿಂತವರಿಗೆ ಬಿಸಿಲು ಮೇಲಿಂದಲೂ ಬರುತ್ತದೆ, ಕಾಲ ಕೆಳಗಿನಿಂದಲೂ ಬರುತ್ತದೆ. ಜೊತೆಗೆ ಸೂರ್ಯ ನೆತ್ತಿಗೆ ಹತ್ತಿರವಾಗುತ್ತಾ ಹೋಗುತ್ತಾನೆ. ಮಾರ್ಚ್ 20ರ ಸುಮಾರಿಗೆ ನಮ್ಮೂರಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಬರೀ 13 ಡಿಗ್ರಿ ಆಚೆ ಇರುತ್ತಾನೆ. ಏಪ್ರಿಲ್ ಕೊನೆ ವಾರದಲ್ಲಂತೂ ಒಂದು ದಿನ ನೇರ ತಲೆ ಮೇಲೆ ಬಂದು ನಮ್ಮ ನೆರಳು ಕಾಲ ಕೆಳಗೇ ಸೇರಿಕೊಳ್ಳುತ್ತದೆ. ಡಿಸೆಂಬರ್‌ನಲ್ಲಿ ಹನ್ನೆರಡು ಗಂಟೆಗೂ ದೊಡ್ಡ ಬಂಡೆಯ ಪಕ್ಕದಲ್ಲಿ ನೆರಳು ಸಿಗುತ್ತದೆ. ಮಾರ್ಚ್‌ನಲ್ಲಿ ಅದೇ ಬಂಡೆಯ ಪಕ್ಕ ಒಬ್ಬರು ಕೂರುವಷ್ಟೂ ನೆರಳಿರುವುದಿಲ್ಲ.

ಇನ್ನೊಂದು ವಿಷಯ ಬೆಟ್ಟಕ್ಕೆ ಹೊಸಬರಿಗೆ ಹೊಳೆಯುವುದಿಲ್ಲ. ನಮ್ಮ ಕಡೆ ವಸಂತ ಅಂದರೆ ಎಲೆ ಉದುರುವುದೂ ಹೂ ಬಿಡುವುದೂ ಒಟ್ಟಿಗೇ. ಮುತ್ತುಗ ನೋಡಿ. ಊಟದೆಲೆ ಹಚ್ಚಲು ಕೀಳುತ್ತಿದ್ದ ಆ ಅಗಲ ಎಲೆಗಳೆಲ್ಲ ಬಿದ್ದುಹೋಗಿ, ಬೋಳು ಕೊಂಬೆ ತುಂಬ ಕೆಂಡದ ಬಣ್ಣದ ಹೂ. ಬೂರುಗವೂ ಹಾಗೇ. ಅರಿಶಿನ ಬೂರುಗ ಅಂತ ಇನ್ನೊಂದಿದೆ. ಬಂಡೆ ಸಂದಿಯಲ್ಲಿ ಬೆಳೆಯುವ, ಒಣಗಿಹೋಗಿದೆ ಅನ್ನಿಸುವಂಥ ಮರ. ಮೈಯಲ್ಲಿ ಒಂದೆಲೆ ಇಲ್ಲದೆ ಅಂಗೈ ಅಗಲದ ಹಳದಿ ಹೂ ಬಿಟ್ಟುಕೊಂಡು ನಿಂತಿರುತ್ತದೆ. ಬೆಟ್ಟ ನೋಡಲು ತುಂಬ ಚೆನ್ನಾಗಿರುವ ತಿಂಗಳಲ್ಲೇ ಅಲ್ಲಿ ನೆರಳು ಎಲ್ಲಕ್ಕಿಂತ ಕಡಿಮೆ. ಜನವರಿಯಲ್ಲಿ ಹೋಗಿ ಬಂದವರು 'ದಾರಿ ತುಂಬ ಮರ ಇದೆ' ಅಂದರೆ ನಂಬಿಕೊಂಡು ಮಾರ್ಚ್‌ಗೆ ಹೋಗಬೇಡಿ. ಮರ ಇರುತ್ತದೆ, ಎಲೆ ಇರುವುದಿಲ್ಲ.

ಈಗ ಗಂಟೆಯ ಲೆಕ್ಕಕ್ಕೆ ಬರೋಣ. ಫೆಬ್ರವರಿ ಕೊನೆಗೆ ಸೂರ್ಯ ಹುಟ್ಟುವುದು 6.40ರ ಸುಮಾರಿಗೆ. ಮಾರ್ಚ್ 20ರ ಹೊತ್ತಿಗೆ 6.25. ಕತ್ತಲಲ್ಲೇ ಹತ್ತಿಬಿಡೋಣ ಅನ್ನುವವರಿದ್ದಾರೆ. ನಾನು ಬೇಡ ಅನ್ನುತ್ತೇನೆ. ರಾಮನಗರ, ಮಾಗಡಿ, ತುಮಕೂರು ಕಡೆಯ ಈ ಕಲ್ಲುಬೆಟ್ಟಗಳಲ್ಲಿ ಕರಡಿ ಇದೆ, ಚಿರತೆ ಇದೆ. ರಾತ್ರಿ ಮೇಯಲು ಹೋದ ಕರಡಿ ತನ್ನ ಗವಿಗೆ ವಾಪಸ್ ಬರುವುದು ಬೆಳಗಿನ ಜಾವದಲ್ಲೇ. ಮುಖ ಕಾಣುವಷ್ಟು ಬೆಳಕಾದ ಮೇಲೆ ಹೊರಡಿ. ಅತ್ತ ಹತ್ತೂವರೆ ಆಯಿತೆಂದರೆ ಬಂಡೆ ಕಾದಿರುತ್ತದೆ. ಹಾಗಾಗಿ ನಿಮ್ಮ ಕೈಯಲ್ಲಿರುವುದು ಆರೂವರೆಯಿಂದ ಹತ್ತೂವರೆ, ನಾಲ್ಕು ಗಂಟೆ ಅಷ್ಟೇ. ಹತ್ತುವುದು, ಮೇಲೆ ಕೂತು ತಿಂಡಿ ತಿನ್ನುವುದು, ಮಗಳು ಫೋಟೊ ತೆಗೆಯುವುದು, ಇಳಿಯುವುದು ಎಲ್ಲ ಅದರೊಳಗೇ ಮುಗಿಯಬೇಕು.

ಸಂಜೆ ಹೋದರೆ ತಂಪು ಅಲ್ವಾ ಅಂತ ಕೇಳುವವರೂ ಇದ್ದಾರೆ. ಗಾಳಿ ತಂಪಾಗಿರಬಹುದು. ಕಲ್ಲು ಆಗಿರುವುದಿಲ್ಲ. ದಿನವಿಡೀ ಕುಡಿದ ಬಿಸಿಲನ್ನು ಅದು ಸಂಜೆ ನಿಧಾನವಾಗಿ ಉಗುಳುತ್ತದೆ. ಮೇಲಾಗಿ ಇಳಿಯುವಾಗ ಕತ್ತಲು. ಬೇಡ.

ನಾಲ್ಕು ಗಂಟೆಯಲ್ಲಿ ಎಷ್ಟು ಎತ್ತರ ಆಗುತ್ತದೆ? ಮಕ್ಕಳು, ಹಿರಿಯರು ಇರುವ ಕುಟುಂಬ ಗಂಟೆಗೆ 250 ಮೀಟರ್ ಎತ್ತರ ಹತ್ತಿದರೆ ಚೆನ್ನಾಗಿಯೇ ಹತ್ತಿದ ಹಾಗೆ. ಇದು ನನ್ನ ಅನುಭವದ ಲೆಕ್ಕ. ಅರವತ್ತು ದಾಟಿದವರಿಗೆ ಇಳಿಯಲೂ ಹತ್ತಿದಷ್ಟೇ ಹೊತ್ತು ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. ಅವರ ಮಂಡಿ ನೋಯುವುದು ಇಳಿಯುವಾಗಲೇ. ಇಲ್ಲೊಂದು ಎಚ್ಚರಿಕೆ. ಬೋರ್ಡಿನಲ್ಲಿ ಬರೆದಿರುವುದು ಸಮುದ್ರಮಟ್ಟದಿಂದ ಎತ್ತರ. ನಂದಿಬೆಟ್ಟ 1478 ಮೀಟರ್, ಸಾವನದುರ್ಗ 1226 ಮೀಟರ್ ಅಂದಾಕ್ಷಣ ಹೆದರಬೇಡಿ, ಬೀಗಲೂ ಬೇಡಿ. ಬೆಂಗಳೂರೇ 900 ಮೀಟರ್‌ಗಿಂತ ಮೇಲಿದೆ. ನಿಮ್ಮ ಕಾಲು ಹತ್ತಬೇಕಾದ್ದು ಬೆಟ್ಟದ ಬುಡದಿಂದ ಮೇಲಕ್ಕೆ ಎಷ್ಟು ಅಂತ ನೋಡಿ. ಸಾವನದುರ್ಗದಲ್ಲಿ ಅದು 400 ಮೀಟರ್ ಆಸುಪಾಸು. ಆದರೆ ಅಲ್ಲಿ ಕಷ್ಟ ಕೊಡುವುದು ಎತ್ತರ ಅಲ್ಲ. ಅದು ಒಂದೇ ಬಂಡೆ. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು ಅಂತ ಹೆಸರು. ಏಕಶಿಲೆ ಅಂದರೇನು? ಮಣ್ಣಿಲ್ಲ, ಮರವಿಲ್ಲ. ಒಮ್ಮೆ ಬಂಡೆ ಮೇಲೆ ಕಾಲಿಟ್ಟರೆ ವಾಪಸ್ ಬುಡಕ್ಕೆ ಬರುವ ತನಕ ಬಾಣಲೆಯಲ್ಲಿದ್ದ ಹಾಗೆ.

ಆ ತಪ್ಪನ್ನು ನಾನೂ ಮಾಡಿದ್ದೇನೆ. ವರ್ಷಗಳ ಹಿಂದೆ ಒಂದು ಮಾರ್ಚ್‌ನಲ್ಲಿ ಎಂಟು ಜನರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಒಬ್ಬರು ತಡವಾಗಿ ಬಂದರು, ದಾರಿಯಲ್ಲಿ ಕಾಫಿ ಆಯಿತು. ಹತ್ತಲು ಶುರು ಮಾಡಿದಾಗ ಎಂಟೂವರೆ. ಹತ್ತುವಾಗ ಎಲ್ಲರೂ ಹಾಡು ಹೇಳಿಕೊಂಡೇ ಹತ್ತಿದರು. ತುದಿಯಲ್ಲಿ ನಂದಿಯ ಹತ್ತಿರ ಗಾಳಿ ಬೀಸುತ್ತಿತ್ತು, ಬಿಸಿಲು ಗೊತ್ತೇ ಆಗಲಿಲ್ಲ. ಹನ್ನೊಂದೂವರೆಗೆ ಇಳಿಯಲು ಶುರು ಮಾಡಿದೆವು. ಅರ್ಧ ದಾರಿಯಲ್ಲಿ ಒಬ್ಬರ ಹಳೇ ಶೂವಿನ ಅಂಟು ಬಿಸಿಗೆ ಕರಗಿ ಅಟ್ಟೆ ಕಳಚಿ ಬಂತು. ಅವರು ಬರಿ ಸಾಕ್ಸ್‌ನಲ್ಲಿ ಕುಣಿಯುತ್ತಾ ನಿಂತರು. ಇನ್ನೊಬ್ಬರ ಮೀನಖಂಡ ಹಿಡಿದುಕೊಂಡಿತು. ನೀರು ಅಷ್ಟರಲ್ಲಿ ಖಾಲಿ. ಕೆಳಗೆ ಬಂದು ದೇವಸ್ಥಾನದ ಜಗಲಿ ಮೇಲೆ ಉರುಳಿಕೊಂಡಾಗ ಎರಡು ಗಂಟೆ. ಅವತ್ತಿನಿಂದ ನಾನು ಹೊರಡುವ ಗಂಟೆ ಹೇಳುವುದನ್ನೇ ಬಿಟ್ಟೆ. 'ಹತ್ತೂವರೆಗೆ ಎಲ್ಲರೂ ಕಾರಿನ ಹತ್ತಿರ ಇರಬೇಕು' ಅಂತ ಹೇಳುತ್ತೇನೆ. ಉಳಿದದ್ದನ್ನು ಹಿಂದಿನಿಂದ ಲೆಕ್ಕ ಹಾಕಿಕೊಂಡು ಬಂದರೆ ಅಲಾರಂ ಎಷ್ಟಕ್ಕೆ ಇಡಬೇಕು ಅಂತ ಅವರಿಗೇ ಗೊತ್ತಾಗುತ್ತದೆ.

ಶಿವರಾತ್ರಿಯಿಂದ ಯುಗಾದಿಗೆ ಹೆಚ್ಚೂಕಡಿಮೆ ಒಂದು ತಿಂಗಳು. ಅಂದರೆ ನಿಮಗೆ ಸಿಗುವುದು ನಾಲ್ಕು ಭಾನುವಾರ. ಸಾಮಾನ್ಯವಾಗಿ ಜನ ಏನು ಮಾಡುತ್ತಾರೆಂದರೆ, ಮೊದಲು ಸುಲಭದ್ದು ಅಂತ ನಂದಿಗೆ ಹೋಗುತ್ತಾರೆ. ಅಭ್ಯಾಸ ಆಯಿತು ಅಂದುಕೊಂಡು ಮಾರ್ಚ್ ಕೊನೆಗೆ ಬೋಳು ಬಂಡೆಗೆ ಹೋಗುತ್ತಾರೆ. ಇದು ತಲೆಕೆಳಗು. ಬೋಳು ಬೆಟ್ಟ ಮೊದಲು, ಮರ ಇರುವ ಬೆಟ್ಟ ಮತ್ತು ಎತ್ತರದ ಬೆಟ್ಟ ಆಮೇಲೆ. ಬಿಸಿಲು ಏರಿದ ಹಾಗೆ ನೀವು ನೆರಳಿನ ಕಡೆ ಸರಿಯಬೇಕು. ನಿಮ್ಮ ಮನೆಯವರಿಗೆ ನಾನು ಹೇಳುವುದು ಈ ಸಾಲು: ಹುತ್ರಿದುರ್ಗ, ಶಿವಗಂಗೆ, ನಂದಿ, ಕೊನೆಗೆ ದೇವರಾಯನದುರ್ಗ.

ಹುತ್ರಿದುರ್ಗ ಕುಣಿಗಲ್ ತಾಲ್ಲೂಕಿನಲ್ಲಿದೆ. ಉತ್ರಿಬೆಟ್ಟ ಅಂತಲೂ ಕರೆಯುತ್ತಾರೆ. ಮಾಗಡಿ ದಾರಿಯಲ್ಲಿ ಹೋದರೆ ವಿಜಯನಗರದಿಂದ ನಿಮಗೆ ಒಳ್ಳೆ ದಾರಿ. ಬೆಂಗಳೂರಿನ ಸುತ್ತ ಒಂಬತ್ತು ದುರ್ಗಗಳಿವೆ ಅಂತ ನಮ್ಮ ಹಿರಿಯರು ಎಣಿಸುತ್ತಿದ್ದರು. ಸಾವನದುರ್ಗ, ಮಾಕಳಿದುರ್ಗ, ಕಬ್ಬಾಳದುರ್ಗ, ಹುಲಿಯೂರುದುರ್ಗ, ಭೈರವದುರ್ಗ ಹೀಗೆ. ಅದರಲ್ಲಿ ಇದೂ ಒಂದು. ಕೆಂಪೇಗೌಡರ ಮನೆತನದ ಕೋಟೆ. ಹೆಸರು ಕೇಳಿದವರು ಕಡಿಮೆ, ಹಾಗಾಗಿ ಗದ್ದಲವೂ ಕಡಿಮೆ. ನನಗೆ ಇದು ಇಷ್ಟವಾಗುವುದು ಬೇರೆ ಕಾರಣಕ್ಕೆ. ಇಲ್ಲಿ ಒಂದರ ಮೇಲೊಂದು ಕೋಟೆ ಬಾಗಿಲುಗಳಿವೆ. ಕಲ್ಲಿನ ದಪ್ಪ ಬಾಗಿಲು, ಮೇಲೆ ಕಲ್ಲಿನ ಚಪ್ಪರ. ಬೋಳು ಬೆಟ್ಟದಲ್ಲಿ ಇವೇ ನಿಮ್ಮ ಮರಗಳು. ಪ್ರತಿ ಬಾಗಿಲಿಗೂ ಐದು ನಿಮಿಷ ಕೂತು ನೀರು ಕುಡಿದು ಮುಂದೆ ಹೋದರೆ ಮಕ್ಕಳಿಗೂ ಆಟ ಆಡಿದ ಹಾಗೆ ಇರುತ್ತದೆ. ಮೇಲೆ ಶಂಕರೇಶ್ವರನ ಗುಡಿ ಇದೆ. ಹತ್ತುವುದು ಕಡಿಮೆ, ಮೊದಲ ವಾರಕ್ಕೆ ಸರಿ. ಕೊನೆಯ ಬಂಡೆ ಭಾಗದಲ್ಲಿ ಮಾತ್ರ ಮಾವನವರ ಪಕ್ಕ ಒಬ್ಬರು ಇರಿ.

ಶಿವಗಂಗೆ ಎರಡನೇ ಭಾನುವಾರಕ್ಕೆ. ನೆಲಮಂಗಲ ದಾಟಿ ಡಾಬಸ್‌ಪೇಟೆಯಲ್ಲಿ ತುಮಕೂರು ರಸ್ತೆ ಬಿಟ್ಟು ಎಡಕ್ಕೆ ತಿರುಗಬೇಕು. ಈ ಬೆಟ್ಟ ಪೂರ್ವದಿಂದ ನೋಡಿದರೆ ಬಸವ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆ ಎತ್ತಿದ ಹಾವು ಅನ್ನುತ್ತಾರೆ. ನನಗೆ ಬಸವ ಮಾತ್ರ ಕಂಡಿದೆ. ನಿಮ್ಮ ಮಗಳಿಗೆ ನಾಲ್ಕೂ ಕಾಣಬಹುದು, ಹುಡುಕಲು ಹೇಳಿ. ದಾರಿ ತುಂಬ ಮೆಟ್ಟಿಲು, ಕಡಿದಾದ ಕಡೆ ಕಬ್ಬಿಣದ ಕಂಬಿ. ಮೊದಲು ಗಂಗಾಧರೇಶ್ವರನ ದೇವಸ್ಥಾನ. ಲಿಂಗಕ್ಕೆ ತುಪ್ಪ ಸವರಿದರೆ ಬೆಣ್ಣೆಯಾಗುತ್ತದೆ ಅನ್ನುವುದು ಇಲ್ಲೇ. ಅದರ ಮೇಲೆ ಒಳಕಲ್ಲು ತೀರ್ಥ. ಕಲ್ಲಿನ ಕುಳಿಯೊಳಗೆ ತೋಳು ಇಳಿಸಿ ನೀರು ಮುಟ್ಟಲು ಜನ ಸಾಲು ನಿಂತಿರುತ್ತಾರೆ. ಇನ್ನೂ ಮೇಲೆ ಹೋದರೆ ಕಲ್ಲಿನ ಬಸವ, ಆಮೇಲೆ ತುದಿ. ದೇವಸ್ಥಾನದ ಬೆಟ್ಟ ಆದ್ದರಿಂದ ಮುಂಗಡ ಬುಕಿಂಗ್ ತಲೆನೋವಿಲ್ಲ. ದಾರಿಯಲ್ಲಿ ಮಜ್ಜಿಗೆ, ಸೌತೆಕಾಯಿ ಮಾರುವವರು ಇರುತ್ತಾರೆ. ಆದರೆ ಅಷ್ಟು ಬೆಳಿಗ್ಗೆ ಅಂಗಡಿ ತೆರೆದಿರುತ್ತದೆ ಅಂತ ನಂಬಿಕೊಳ್ಳಬೇಡಿ. ಇಳಿಯುವ ಹೊತ್ತಿಗೆ ಸಿಗುತ್ತದೆ.

ಶಿವಗಂಗೆಯಲ್ಲಿ ಬಿಸಿಲಿಗಿಂತ ಹೆಚ್ಚು ಕಾಟ ಕೋತಿಗಳದ್ದು. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೆ ಸಾಕು, ಅದರಲ್ಲಿ ಏನಿದೆ ಅಂತ ನೋಡುವುದಿಲ್ಲ, ಕಿತ್ತುಕೊಳ್ಳುತ್ತವೆ. ಎಲ್ಲವನ್ನೂ ಬೆನ್ನಿನ ಬ್ಯಾಗಿನೊಳಗೆ ಹಾಕಿ, ಜಿಪ್ ಎಳೆದುಬಿಡಿ. ನೀರಿನ ಬಾಟಲಿ ಕೂಡ ಒಳಗೇ. ಹಲ್ಲು ಕಿರಿದು ಹೆದರಿಸಲು ಹೋಗಬೇಡಿ. ಹಲ್ಲು ತೋರಿಸಿದರೆ ಅವು ಅದನ್ನು ಜಗಳಕ್ಕೆ ಕರೆದ ಹಾಗೆ ತಿಳಿಯುತ್ತವೆ.

ಮೂರನೇ ವಾರ ನಂದಿ. ಎಲ್ಲರೂ ಹೋಗುವ ಜಾಗ, ಇದಕ್ಕೆ ತಜ್ಞರು ಬೇಕಾ ಅಂತ ನಗಬೇಡಿ. ನೀವು ಕಾರಿನಲ್ಲಿ ತುದಿಗೆ ಹೋಗುವುದಿಲ್ಲ. ಭಾನುವಾರ ಬೆಳಗಿನ ಜಾವ ಸೂರ್ಯೋದಯ ನೋಡಲು ಗೇಟಿನ ಮುಂದೆ ಗಾಡಿಗಳ ಸಾಲು ಹೇಗಿರುತ್ತದೆ ಅಂತ ಗೊತ್ತಲ್ಲ. ಬೆಟ್ಟದ ಬುಡದ ಸುಲ್ತಾನ್‌ಪೇಟೆಯಿಂದ ಹಳೇ ಮೆಟ್ಟಿಲು ದಾರಿ ಇದೆ. ಸಾವಿರಕ್ಕೂ ಹೆಚ್ಚು ಕಲ್ಲು ಮೆಟ್ಟಿಲು. ಕಾರು ಅಲ್ಲೇ ನಿಲ್ಲಿಸಿ ಹತ್ತಿ. ಮೇಲಿನವರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರುವಾಗ ನೀವು ಹಕ್ಕಿ ಕೂಗು ಕೇಳುತ್ತಾ ಹೋಗುತ್ತಿರುತ್ತೀರಿ.

ಮಾರ್ಚ್ ನಡುವಿಗೆ ನಂದಿಯನ್ನೇ ಯಾಕೆ ಇಟ್ಟೆ ಅಂದರೆ ಎತ್ತರ. ಸಾವಿರ ಮೀಟರ್ ಮೇಲೇರಿದರೆ ಗಾಳಿ ಆರೂವರೆ ಡಿಗ್ರಿಯಷ್ಟು ತಣ್ಣಗಾಗುತ್ತದೆ ಅನ್ನುವುದು ಸಾಮಾನ್ಯ ಲೆಕ್ಕ. ನಂದಿಯ ತುದಿ ಬೆಂಗಳೂರಿಗಿಂತ 550 ಮೀಟರ್‌ನಷ್ಟು ಮೇಲಿದೆ. ಅಲ್ಲಿಗೆ ಮೂರು ಮೂರೂವರೆ ಡಿಗ್ರಿ ಕಡಿಮೆ. ಫೆಬ್ರವರಿಯಿಂದ ಮಾರ್ಚ್‌ಗೆ ಏರಿದ್ದನ್ನು ಬೆಟ್ಟವೇ ಇಳಿಸಿಕೊಟ್ಟ ಹಾಗೆ. ಜೊತೆಗೆ ತುದಿಯಲ್ಲಿ ದೊಡ್ಡ ಮರಗಳಿವೆ, ಇವು ನೆಟ್ಟು ಬೆಳೆಸಿದ ತೋಟದ ಮರಗಳು, ಎಲೆ ಇರುತ್ತದೆ. ಬ್ರಿಟಿಷರ ಕಾಲದ ಕಮಿಷನರ್ ಕಬ್ಬನ್ ಸಾಹೇಬರು ಇಲ್ಲಿ ಬಂಗಲೆ ಕಟ್ಟಿಸಿದ್ದು ಸುಮ್ನೆ ಅಲ್ಲ. 1927ರಲ್ಲಿ ಮೈ ಹುಷಾರಿಲ್ಲದ ಗಾಂಧೀಜಿ ಬೇಸಿಗೆಯಲ್ಲಿ ಚೇತರಿಸಿಕೊಳ್ಳಲು ಬಂದಿದ್ದೂ ಇಲ್ಲಿಗೇ. 1936ರಲ್ಲಿ ಮತ್ತೆ ಬಂದಿದ್ದರು. ಮೇಲೆ ಯೋಗನಂದೀಶ್ವರ, ಅಮೃತ ಸರೋವರ ನೋಡಿ. ಟಿಪ್ಪು ಡ್ರಾಪ್ ಹತ್ತಿರ ಮಗಳ ಕೈ ಬಿಡಬೇಡಿ. ಇಳಿದ ಮೇಲೆ ಹೊತ್ತಿದ್ದರೆ ಬೆಟ್ಟದ ಇನ್ನೊಂದು ಮಗ್ಗುಲಿನ ನಂದಿ ಊರಿಗೆ ಹೋಗಿ ಭೋಗನಂದೀಶ್ವರ ನೋಡಿ. ಸಾವಿರ ವರ್ಷಕ್ಕೂ ಹಳೆಯ ದೇವಸ್ಥಾನ. ಕಲ್ಯಾಣಿಯ ಪಕ್ಕದ ಕಲ್ಲು ಮಂಟಪದಲ್ಲಿ ಹನ್ನೊಂದು ಗಂಟೆಗೂ ನೆಲ ತಣ್ಣಗಿರುತ್ತದೆ. ಮಾವನವರು ಅಲ್ಲಿಂದ ಏಳಲು ಒಪ್ಪದಿದ್ದರೆ ನನ್ನನ್ನು ಬೈಯಬೇಡಿ.

ಕೊನೆಯದು ದೇವರಾಯನದುರ್ಗ, ತುಮಕೂರಿನ ಹತ್ತಿರ. ಮೈಸೂರಿನ ಚಿಕ್ಕದೇವರಾಜ ಒಡೆಯರ ಹೆಸರು ಈ ದುರ್ಗಕ್ಕೆ. ಕೆಳಗೆ ಭೋಗನರಸಿಂಹ, ತುದಿಯಲ್ಲಿ ಯೋಗನರಸಿಂಹ. ಸುತ್ತ ಕಾಡು. ರಸ್ತೆ ಮೇಲಿನವರೆಗೂ ಇದೆ, ಅದು ನಿಮಗೆ ಅನುಕೂಲವೇ. ನೀವು ಮೂವರು ಕೆಳಗಿನ ದೇವಸ್ಥಾನದಿಂದ ನಡೆಯಿರಿ. ಬಿಸಿಲು ಜಾಸ್ತಿ ಅನ್ನಿಸಿದರೆ ಮಾವನವರು ಕಾರಿನಲ್ಲಿ ಮೇಲೆ ಬಂದು ಕೊನೆಯ ಮೆಟ್ಟಿಲು ಮಾತ್ರ ಹತ್ತಬಹುದು. ಯುಗಾದಿ ಹತ್ತಿರದ ವಾರದಲ್ಲಿ ಹೀಗೆ ಒಂದು ಬಿಡುಗಡೆಯ ದಾರಿ ಇರುವ ಬೆಟ್ಟವನ್ನೇ ಆರಿಸಿ. ಕಾಡೊಳಗೆ ರಸ್ತೆ ಬಿಟ್ಟು ಹೋಗಬೇಡಿ, ಕರಡಿಗಳ ಜಾಗ. ಬರುವಾಗ ನಾಮದ ಚಿಲುಮೆ. ಬಂಡೆ ನಡುವೆ ಸಣ್ಣ ಬುಗ್ಗೆ. ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಾಣ ಬಿಟ್ಟನಂತೆ, ನೀರು ಚಿಮ್ಮಿತಂತೆ. ವಾಪಸ್ ಬರುವ ದಾರಿಯಲ್ಲಿ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿನ್ನದೆ ಬಂದರೆ ಆ ಭಾನುವಾರ ಲೆಕ್ಕಕ್ಕಿಲ್ಲ.

ಈ ದಿನಗಳಲ್ಲಿ ಬೆಂಗಳೂರಿನ ಸುತ್ತಿನ ಒಣ ಕಾಡುಗಳಲ್ಲಿ ಜಾಲಾರಿ ಮರ ಹೂ ಬಿಡುತ್ತದೆ. ಹೂ ಚಿಕ್ಕದು, ಕಣ್ಣಿಗೆ ಬೀಳುವುದು ಆಮೇಲೆ. ಮೊದಲು ಮೂಗಿಗೆ ಬರುತ್ತದೆ. ದಾರಿಯ ತಿರುವಿನಲ್ಲಿ ಇದ್ದಕ್ಕಿದ್ದ ಹಾಗೆ ಗಮ್ಮೆಂದರೆ ನಿಲ್ಲಿ, ಸುತ್ತ ನೋಡಿ. ಅದಕ್ಕೇ ಹೇಳುವುದು, ಸೆಂಟ್ ಹಾಕಿಕೊಂಡು ಬೆಟ್ಟಕ್ಕೆ ಹೋಗಬೇಡಿ ಅಂತ.

ಸೆಂಟಿಗೆ ಇನ್ನೊಂದು ದೊಡ್ಡ ಕಾರಣ ಇದೆ. ಹೂವಿನ ಕಾಲ ಅಂದರೆ ಹೆಜ್ಜೇನಿನ ಕಾಲ. ಬಂಡೆಯ ಚಾಚು, ಹಳೇ ಗೋಪುರದ ಅಡಿ ಎಲ್ಲ ಕಡೆ ಕಪ್ಪಗೆ ಹಲಗೆ ತೂಗು ಹಾಕಿದ ಹಾಗೆ ಗೂಡು ಇರುತ್ತದೆ. ಗಟ್ಟಿ ವಾಸನೆ, ಹೊಗೆ, ಕಿರುಚಾಟ, ಕಲ್ಲೆಸೆತ ಇವು ಅದನ್ನು ಕೆರಳಿಸುತ್ತವೆ. ಗೂಡು ಕಂಡರೆ ಮಾತು ನಿಲ್ಲಿಸಿ ದಾಟಿ. ಎದ್ದವು ಅಂದರೆ ಕೈ ಬೀಸಬೇಡಿ. ಮುಖ ತಲೆ ಬಟ್ಟೆಯಿಂದ ಮುಚ್ಚಿಕೊಂಡು ಬಂದ ದಾರಿಯಲ್ಲೇ ದೂರ ಹೋಗಿ. ಪ್ರತಿಯೊಬ್ಬರ ಬಳಿಯೂ ಒಂದು ತೆಳು ಟವೆಲ್ ಇರಲಿ. ಬಿಸಿಲಿಗೂ ಆಯಿತು, ಇದಕ್ಕೂ ಆಯಿತು.

ಬೆಂಕಿಯ ವಿಷಯ. ಈ ಬೆಟ್ಟಗಳ ಹುಲ್ಲು ಈಗ ಪೂರ್ತಿ ಒಣಗಿರುತ್ತದೆ. ಒಂದು ಬೀಡಿ ತುಂಡು ಸಾಕು. ದೂರದಲ್ಲಿ ಹೊಗೆ ಕಂಡರೆ ಅದು ಸಣ್ಣದು ಅಂತ ಮುಂದೆ ಹೋಗಬೇಡಿ, ಇಳಿಯಿರಿ. ಒಣ ಹುಲ್ಲಿನ ಬೆಂಕಿ ಬೆಟ್ಟ ಹತ್ತುವ ವೇಗದಲ್ಲಿ ನಾವು ಹತ್ತಲು ಆಗುವುದಿಲ್ಲ. ಇದೇ ಬೆಂಕಿ ಭಯಕ್ಕೆ ಪಶ್ಚಿಮಘಟ್ಟದ ಕುಮಾರಪರ್ವತ, ಕುದುರೆಮುಖದಂಥ ಚಾರಣಗಳನ್ನು ಬೇಸಿಗೆಯಲ್ಲಿ ಅರಣ್ಯ ಇಲಾಖೆ ಮುಚ್ಚುತ್ತದೆ. ಹೇಗೂ ಅವು ಊಟಕ್ಕೆ ಮನೆಗೆ ಬರುವ ಬೆಟ್ಟಗಳಲ್ಲ.

ಬೆಂಗಳೂರಿನ ಸುತ್ತಲೂ ಅರಣ್ಯ ಇಲಾಖೆಯ ಬೆಟ್ಟಗಳಿಗೆ, ಅಂದರೆ ಸ್ಕಂದಗಿರಿ, ಮಾಕಳಿದುರ್ಗ, ಸಾವನದುರ್ಗದಂಥವಕ್ಕೆ, ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ಒಟ್ಟಿಗೆ ನುಗ್ಗಿದ ಮೇಲೆ ನಿಯಮ ಬಿಗಿಯಾಯಿತು. ದಿನಕ್ಕೆ ಇಂತಿಷ್ಟೇ ಜನ ಅಂತ ಮಿತಿ ಇದೆ. ಹೋಗುವ ವಾರ ತೆರೆದಿದೆಯಾ ಅಂತ ಇಲಾಖೆಯ ಜಾಲತಾಣದಲ್ಲಿ ನೋಡಿಕೊಂಡೇ ಹೊರಡಿ. ಗುರುತಿನ ಚೀಟಿ ಎಲ್ಲರದ್ದೂ ಇರಲಿ. 'ನಾವು ರಾತ್ರಿ ಹತ್ತಿಸುತ್ತೇವೆ, ಚೀಟಿ ಬೇಡ' ಅಂತ ಕರೆಯುವವರ ಜೊತೆ ಹೋಗಬೇಡಿ.

ಪಟ್ಟಿಯಲ್ಲಿ ನಾನು ಬಿಟ್ಟವನ್ನೂ ಹೇಳಿಬಿಡುತ್ತೇನೆ. ಸಾವನದುರ್ಗವನ್ನು ನಿಮ್ಮ ಮಗಳು ಮತ್ತೆ ನೋಡಲಿ, ಆದರೆ ಡಿಸೆಂಬರ್‌ನಲ್ಲಿ. ಮಧುಗಿರಿಯೂ ಹಾಗೇ, ಬೋಳು ಏಕಶಿಲೆ, ದೂರವೂ ಜಾಸ್ತಿ. ಕನಕಪುರದ ಕಡೆ ಬಿಳಿಕಲ್ ರಂಗಸ್ವಾಮಿ ಬೆಟ್ಟ ಚೆಂದವೇ, ಆದರೆ ಆನೆಗಳ ಓಡಾಟ. ಬೇಸಿಗೆಯಲ್ಲಿ ನೀರಿಗಾಗಿ ಅವು ಇನ್ನೂ ಜಾಸ್ತಿ ಅಲೆಯುತ್ತವೆ. ಕೋಲಾರದ ಅಂತರಗಂಗೆಯನ್ನು ಬಿಡುವಾಗ ಸ್ವಲ್ಪ ಮನಸ್ಸು ಹಿಂದೆಮುಂದೆ ಆಯಿತು. ದೇವಸ್ಥಾನದ ಕಲ್ಲು ಬಸವನ ಬಾಯಿಂದ ವರ್ಷವಿಡೀ ನೀರು ಬೀಳುವ ಜಾಗ, ಮೇಲೆ ಗುಂಡುಗಳ ನಡುವೆ ಗವಿಗಳು, ನೆರಳೂ ಉಂಟು. ಆದರೆ ಆ ಗವಿಗಳಲ್ಲಿ ನುಸುಳುವುದು ಮಾವನವರಿಗೆ ಬೇಡ. ನೀವಿಬ್ಬರೂ ಮಗಳೂ ಹೋಗುವುದಾದರೆ ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ರಾಮನಗರದ ರಾಮದೇವರಬೆಟ್ಟಕ್ಕೂ ಹೋಗಬಹುದು, ಮೆಟ್ಟಿಲಿದೆ. ಅದು 2012ರಲ್ಲಿ ರಣಹದ್ದುಗಳ ಧಾಮವಾದ ಬೆಟ್ಟ. ಉದ್ದ ಕೊಕ್ಕಿನ ರಣಹದ್ದುಗಳು ಬಂಡೆಯ ಮೇಲೆ ಮರಿ ಸಾಕುವ ತಿಂಗಳು ಇವು. ಗೇಟು ತೆರೆಯುವ ಹೊತ್ತು ವಿಚಾರಿಸಿ, ನಿಮ್ಮ ನಾಲ್ಕು ಗಂಟೆಗೆ ಕೂಡಿಬಂದರೆ ಮಾತ್ರ ಹೋಗಿ. ಹೋದರೆ ಪಿಸುಮಾತು.

ಇಲ್ಲಿ ಹೇಳದ ಯಾವುದೋ ಬೆಟ್ಟ ನಿಮಗೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಫೋನಿನ ಮ್ಯಾಪಿನಲ್ಲಿ ದಾರಿ ಬೆಟ್ಟದ ಯಾವ ಮಗ್ಗುಲಲ್ಲಿದೆ ಅಂತ ನೋಡಿ. ಮಾರ್ಚ್‌ನಲ್ಲಿ ಸೂರ್ಯ ಹೆಚ್ಚೂಕಡಿಮೆ ನೇರ ಪೂರ್ವದಲ್ಲಿ ಹುಟ್ಟುತ್ತಾನೆ. ಪಶ್ಚಿಮದ ಮಗ್ಗುಲಿನ ದಾರಿಯಾದರೆ ಬೆಟ್ಟದ ನೆರಳು ನಿಮ್ಮ ಮೇಲೆ ಎಂಟು ಎಂಟೂವರೆವರೆಗೂ ಇರುತ್ತದೆ. ಪೂರ್ವದ್ದಾದರೆ ಮೊದಲ ಮೆಟ್ಟಿಲಿನಿಂದಲೇ ಮುಖಕ್ಕೆ ಬಿಸಿಲು. ಈ ಒಂದು ವಿಷಯ ನೋಡಿ ನಾನು ಎಷ್ಟೋ ಬೆಟ್ಟಗಳನ್ನು ಜನವರಿಗೆ ತಳ್ಳಿದ್ದೇನೆ.

ಕುಡಿಯುವ ನೀರು ತಲಾ ಎರಡೂವರೆ ಲೀಟರ್, ಮಾರ್ಚ್ ನಡುವಿನಿಂದ ಮೂರು. ಅರ್ಧ ಮುಗಿದರೆ ತುದಿ ಎಷ್ಟೇ ಹತ್ತಿರ ಇರಲಿ, ತಿರುಗಿ. ಬರೀ ನೀರು ಕುಡಿಯುತ್ತಾ ಹೋದರೆ ಸಾಲದು, ಬೆವರಿನಲ್ಲಿ ಉಪ್ಪು ಹೋಗಿರುತ್ತದೆ. ಒಂದು ಬಾಟಲಿಯಲ್ಲಿ ನಿಂಬೆಹಣ್ಣು, ಉಪ್ಪು, ಸಕ್ಕರೆ ಹಾಕಿಕೊಳ್ಳಿ. ತಿನ್ನಲು ಚಪಾತಿ ಸುರುಳಿ, ಸೌತೆಕಾಯಿ, ಕಿತ್ತಳೆ ಸಾಕು. ಮಗಳು ಮಾತು ನಿಲ್ಲಿಸಿದಳು, ಮುಖ ಕೆಂಪಾಯಿತು, ತಲೆನೋವು ಅಂದಳು ಅಂದರೆ ಅಲ್ಲೇ ನೆರಳಿಗೆ ಕೂರಿಸಿ, ಕುತ್ತಿಗೆಗೆ ಒದ್ದೆ ಬಟ್ಟೆ ಹಾಕಿ, ಗುಟುಕು ಗುಟುಕಾಗಿ ಕುಡಿಸಿ. ಸುಧಾರಿಸಿದ ಮೇಲೂ ಇಳಿಯಬೇಕು, ಹತ್ತಬಾರದು. ಮಾತು ತೊದಲಿದರೆ, ಎಚ್ಚರ ತಪ್ಪುವ ಹಾಗಾದರೆ ಕಾಯಬೇಡಿ, ಮೈಗೆ ನೀರು ಹಾಕುತ್ತಲೇ 108ಕ್ಕೆ ಫೋನ್ ಮಾಡಿ. ಶೂವಿನ ಅಟ್ಟೆಯನ್ನು ಹಿಂದಿನ ದಿನವೇ ಕೈಯಿಂದ ಎಳೆದು ನೋಡಿ. ಯಾಕೆ ಅಂತ ಮೇಲೆ ಹೇಳಿದ್ದೇನೆ.

ಇನ್ನು ಮಾವನವರು. ಪಾರ್ಕಿನಲ್ಲಿ ದಿನಾ ನಡೆಯುವುದು ಉಸಿರಿಗೆ ಒಳ್ಳೆಯದು. ಮೆಟ್ಟಿಲಿಗೆ ಬೇಕಾದ್ದು ತೊಡೆಯ ಬಲ. ಇವತ್ತಿನಿಂದಲೇ ಮೆಟ್ರೊ ನಿಲ್ದಾಣದಲ್ಲಿ ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹತ್ತಿ ಇಳಿಯಲು ಹೇಳಿ. ಮೊದಲ ವಾರ ಎರಡು ಸಲ, ಆಮೇಲೆ ಐದಾರು. ಇಳಿಯುವಾಗ ಮಂಡಿ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ. ಬಿಪಿಗೆ, ಹೃದಯಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅದರಲ್ಲೂ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಇದ್ದರೆ, ಬಿಸಿಲಿನಲ್ಲಿ ಬೆಟ್ಟ ಹತ್ತುವ ವಿಷಯ ಡಾಕ್ಟರ ಹತ್ತಿರ ಮೊದಲೇ ಮಾತಾಡಿ. ಕೈಗೊಂದು ಕೋಲು ಕೊಡಿ. ಬೇಡ ಅನ್ನುತ್ತಾರೆ. 'ಕೋತಿ ಓಡಿಸಲಿಕ್ಕೆ ಇರಲಿ' ಅನ್ನಿ, ಹಿಡಿದುಕೊಳ್ಳುತ್ತಾರೆ.

ತುದಿ ಮುಟ್ಟಲೇಬೇಕು ಅನ್ನುವವರಿಗೆ ಬೇಡ ಅಂದರೆ ಹಟ ಜಾಸ್ತಿಯಾಗುತ್ತದೆ. ಅದಕ್ಕೆ ನಾನು ಮಾಡುವ ಉಪಾಯ ಇದು. ಮನೆಯಲ್ಲೇ, ಹಿಂದಿನ ರಾತ್ರಿಯೇ, ಅವರ ತುದಿ ಯಾವುದು ಅಂತ ಮಾತಾಡಿಕೊಳ್ಳಿ. ಶಿವಗಂಗೆಯಲ್ಲಿ ಒಳಕಲ್ಲು ತೀರ್ಥ ಅವರ ತುದಿ. ನೀರು ಸಿಕ್ಕಿತು ಅಂದರೆ ಪುಣ್ಯವೂ ಸಿಕ್ಕಿತು, ಅದಕ್ಕಿಂತ ಮೇಲೆ ಹೋದರೆ ಹೆಚ್ಚಿಗೆ ಏನೂ ಕೊಡುವುದಿಲ್ಲ ಅನ್ನಿ. ಎಂಟೂವರೆಗೆ ಅವರು ಅಲ್ಲಿ ಕೂತಿರಲಿ, ಯಜಮಾನರು ಜೊತೆಗಿರಲಿ. ನೀವೂ ಮಗಳೂ ಬಸವನವರೆಗೆ ಹೋಗಿ ಬನ್ನಿ. ಮುಂದಿನ ಸಲ ಅದಲುಬದಲು ಮಾಡಿಕೊಂಡರಾಯಿತು. ಇಳಿಯುವಾಗ ನಾಲ್ವರೂ ಒಟ್ಟಿಗೆ, ಮಾವನವರು ಮುಂದೆ, ಅವರ ವೇಗಕ್ಕೆ ಎಲ್ಲರೂ. ಆ ಹೊತ್ತಿಗೆ ಕೆಳಗೆ ಮಜ್ಜಿಗೆ ಅಂಗಡಿ ತೆರೆದಿರುತ್ತದೆ.